ಶರದೃತುವನ್ನು ಮಕ್ಕಳಿಗೆ ಅಂಗಳದಲ್ಲೇ ತೋರಿಸೋಣ

ಅಕ್ಟೋಬರ್ ಬಂತೆಂದರೆ ಎಷ್ಟೋ ಶಿಶುವಿಹಾರಗಳ ಗೋಡೆಗಳ ಮೇಲೆ ಕೆಂಪು, ಕಿತ್ತಳೆ ಬಣ್ಣದ ಕಾಗದದ ಎಲೆಗಳು ಕಾಣಿಸಿಕೊಳ್ಳುತ್ತವೆ. ಅವು ಮೇಪಲ್ ಮರದ ಎಲೆಗಳು. ಚಳಿದೇಶದ ಮಕ್ಕಳಿಗೆ ಅವು ಬೀದಿಯಲ್ಲೇ ಸಿಗುತ್ತವೆ. ಆದರೆ ತುಮಕೂರು, ಕೋಲಾರದ ಕಡೆಯ ನಾಲ್ಕೈದು ವರ್ಷದ ಮಗು ಕಿಟಕಿಯಾಚೆ ನೋಡಿದರೆ ಕಾಣುವುದು ಮಳೆಯಲ್ಲಿ ಮಿಂದು ದಟ್ಟ ಹಸಿರಾಗಿ ನಿಂತ ಹೊಂಗೆ. ಅದು ಎಲೆ ಉದುರಿಸುವುದು ಚಳಿಗಾಲ ಮುಗಿಯುತ್ತಾ ಬಂದ ಮೇಲೆ. ಪಾಠ ಒಂದು ಹೇಳಿ ಮರ ಇನ್ನೊಂದು ಹೇಳಿದರೆ ಮಗು ಮರವನ್ನು ನೋಡುವುದನ್ನೇ ಬಿಟ್ಟೀತು ಎಂಬುದು ನನ್ನ ಆತಂಕ. ಆದ್ದರಿಂದ ಆಶ್ವಯುಜ, ಕಾರ್ತಿಕ ಮಾಸಗಳಲ್ಲಿ ನಮ್ಮ ನೆಲದ ಮೇಲೆ ಏನೇನು ಬದಲಾಗುತ್ತದೆಯೋ ಅದನ್ನೇ ಪಾಠವಾಗಿಸಬೇಕು.

ನಾನು ಇಬ್ಬನಿಯಿಂದ ಆರಂಭಿಸುತ್ತೇನೆ. ಸಂಜೆ ಒಂದು ಸ್ಟೀಲ್ ತಟ್ಟೆಯನ್ನು ಬಯಲಿನಲ್ಲಿ, ಇನ್ನೊಂದನ್ನು ಜಗಲಿಯ ಸೂರಿನಡಿಯಲ್ಲಿ ಇಟ್ಟು, ಬೆಳಿಗ್ಗೆ ಬಿಸಿಲೇರುವ ಮುನ್ನ ಎರಡರ ಮೇಲೂ ಮಕ್ಕಳಿಂದ ಬೆರಳಾಡಿಸಿದರೆ, ಬಯಲಿನ ತಟ್ಟೆಯಲ್ಲಿ ಒದ್ದೆ ಗೆರೆ ಮೂಡುತ್ತದೆ, ಜಗಲಿಯದು ಒಣಗಿಯೇ ಇರುತ್ತದೆ. “ರಾತ್ರಿ ಮಳೆ ಬಂತಾ ಮಿಸ್?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. “ಮಳೆ ಬಂದಿದ್ದರೆ ಮಣ್ಣೂ ನೆನೆಯಬೇಕಿತ್ತಲ್ಲ ಪುಟ್ಟಾ, ಮುಟ್ಟಿ ನೋಡು” ಎಂದರೆ ಸಾಕು, ಎಲ್ಲರೂ ನೆಲಕ್ಕೆ ಕೂರುತ್ತಾರೆ. ಮುಂಗಾರಿನ ತಿಂಗಳುಗಳಲ್ಲಿ ಮೋಡಗಳು ಕಂಬಳಿಯಂತೆ ನೆಲದ ಶಾಖವನ್ನು ತಡೆದಿಡುತ್ತವೆ. ಮೋಡ ಸರಿದು ಆಕಾಶ ತಿಳಿಯಾದ ರಾತ್ರಿಗಳಲ್ಲಿ ಆ ಶಾಖ ಮೇಲಕ್ಕೆ ಹೋಗಿ, ತಣ್ಣಗಾದ ಹುಲ್ಲು, ತಟ್ಟೆಗಳ ಮೇಲೆ ಗಾಳಿಯಲ್ಲಿರುವ ನೀರಿನ ಆವಿ ಹನಿಗಟ್ಟುತ್ತದೆ. ಜಗಲಿಯ ತಟ್ಟೆಗೆ ಸೂರೇ ಮೋಡ. ನಡುವೆ ಹಿಂಗಾರು ಮಳೆ ಸುರಿದು ಒಂದೆರಡು ದಿನ ಈ ಪ್ರಯೋಗ ಕೆಟ್ಟರೂ ಚಿಂತೆಯಿಲ್ಲ, ಅದೂ ಈ ಋತುವಿನದೇ ಗುಣ.

ಪಾರಿಜಾತ ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಉದುರಿರುತ್ತದೆ. ಅದರ ಕೇಸರಿ ತೊಟ್ಟನ್ನು ಬಿಳಿ ಬಟ್ಟೆಯ ಮೇಲೆ ಉಜ್ಜಿದರೆ ಬಣ್ಣ ಹತ್ತುತ್ತದೆ. ಕಾಗದದ ಎಲೆಗೆ ಬಣ್ಣ ತುಂಬುವುದಕ್ಕಿಂತ ಮಕ್ಕಳಿಗೆ ಇದರಲ್ಲಿ ಹೆಚ್ಚು ಖುಷಿ.

ಹಳ್ಳಿ ಹತ್ತಿರವಿದ್ದರೆ ರಾಗಿ ಹೊಲಕ್ಕೆ ಕರೆದೊಯ್ಯಲೇಬೇಕು. ರಾಗಿಯ ನಡುನಡುವೆ ಬೇರೆ ಬೆಳೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟು ಜೇನ್ನೊಣಗಳಿಂದ ಗುಂಯ್ಗುಡುತ್ತಿರುತ್ತದೆ. ಹಸಿರು ತೆನೆಯನ್ನೂ ಕಂದು ತೆನೆಯನ್ನೂ ಒಂದೊಂದು ಕೈಯಲ್ಲಿ ಹಿಡಿಸಿ, ಯಾವುದರ ಕಾಳು ಉದುರುತ್ತದೆಂದು ತಿಕ್ಕಿ ನೋಡಲು ಬಿಡಬೇಕು.

ಇದೇ ಕಾಲಕ್ಕೆ ಹಿಮಾಲಯದ ಕಡೆಯಿಂದ ಸಿಪಿಲೆ ಹಕ್ಕಿಗಳೂ ಬಂದಿಳಿದಿರುತ್ತವೆ. ನೀರಿನಂಚಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಅವನ್ನು ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಮಗುವಿನ ಕೈಯಿಂದಲೇ ಚುಕ್ಕೆ ಇಡಿಸಿ. ಬೇಸಿಗೆಯಲ್ಲಿ ಚುಕ್ಕೆಗಳು ನಿಂತಾಗ, ಹಕ್ಕಿ ಎಲ್ಲಿಗೆ ಹೋಯಿತೆಂದು ಅವರೇ ಕೇಳುತ್ತಾರೆ.