ಮಳೆಗಾಲದಲ್ಲಿ ರೈಲಿನಲ್ಲಿ ಜೋಗಕ್ಕೆ ಹೊರಟಿದ್ದೀರಾ? ಮಧ್ಯದಲ್ಲಿ ಇಳಿಯಬೇಡಿ

ಜೋಗ ಎಷ್ಟು ಚೆಂದ, ಎಲ್ಲಿ ನಿಂತರೆ ಒಳ್ಳೆ ಫೋಟೋ ಬರುತ್ತೆ ಅನ್ನೋದು ಬೇಕಿದ್ದರೆ ಇದನ್ನು ಓದಬೇಡಿ. ಅದಕ್ಕೆ ಸಾವಿರ ವಿಡಿಯೋ ಇವೆ. ನಾನು ಬರೆಯುತ್ತಿರುವುದು ಒಂದು ಓಮ್ನಿ, ಒಂದು ಅಜ್ಜಿ ಹೋಟೆಲ್ ಮತ್ತು ದಂಡವಾದ 2,400 ರೂಪಾಯಿ ಬಗ್ಗೆ.

ನಾನು, ನನ್ನ ಅಕ್ಕ ಇಬ್ಬರೇ ಹೋಗಿದ್ದು. ಜುಲೈ ಕೊನೆ, ಪುಷ್ಯ ಮಳೆ. ನಾವು ಬಯಲುಸೀಮೆಯವರು. ನಮ್ಮ ಕಡೆ ಮಳೆ ಬಂತು ಅಂದರೆ ಒಂದು ಗಂಟೆ ಬಂತು, ನಿಂತಿತು. ಇಲ್ಲಿ ಮಳೆ ಬರೋದು ನಿಲ್ಲೋದು ಅಂತ ಇಲ್ಲ. ಜೋರು, ಸ್ವಲ್ಪ ಕಡಿಮೆ, ಮತ್ತೆ ಜೋರು, ಅಷ್ಟೇ. ಅದೇ ಬೇಕು ಅಂತಲೇ ಹೊರಟಿದ್ದೆವು. ನನಗೆ ಒದ್ದೆಯಾದರೆ ಬೇಜಾರಿಲ್ಲ. ಜನಜಂಗುಳಿ ಕಂಡರೆ ಮಾತ್ರ ಮೈ ಉರಿಯುತ್ತೆ. ಮುಂದೆ ನಾನು ಹೇಳೋದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

ಬೆಂಗಳೂರಿನಲ್ಲಿ ರಾತ್ರಿ ಹತ್ತಿ ಬೆಳಿಗ್ಗೆ ಸಾಗರದಲ್ಲಿ ಇಳಿಯೋದು ಲೆಕ್ಕ. ಸ್ಟೇಷನ್ ಹೆಸರು ಸಾಗರ ಜಂಬಗಾರು, ಬುಕ್ ಮಾಡುವಾಗ ಬರೀ ಸಾಗರ ಅಂತ ಹುಡುಕಿ ಗಲಿಬಿಲಿ ಆಗಬೇಡಿ. ಶಿವಮೊಗ್ಗ ಬಂದಾಗ ಇನ್ನೂ ಕತ್ತಲು. ಬೋಗಿಯ ಮುಕ್ಕಾಲು ಜನ ಅಲ್ಲೇ ಇಳಿದರು. ಉಳಿದವರಲ್ಲಿ ನಾವಿಬ್ಬರು, ಎದುರಿಗೆ ತಾಳಗುಪ್ಪದ ಒಬ್ಬರು ಹಿರಿಯರು, ಪಕ್ಕದಲ್ಲಿ ಹೊದ್ದು ಮಲಗಿದ ನಾಲ್ಕು ಹುಡುಗರು. ಕುಂಸಿ ದಾಟಿ ಸ್ವಲ್ಪ ಹೊತ್ತಿಗೆ ಬೆಳಕು ಹರಿಯಿತು. ಆಮೇಲೆ ಆನಂದಪುರಕ್ಕಿಂತ ಮುಂಚೆ ಒಂದು ಸಣ್ಣ ಸ್ಟೇಷನ್ನಿನಲ್ಲಿ ರೈಲು ನಿಂತಿತು. ನಿಂತೇ ಇತ್ತು.

ಕ್ರಾಸಿಂಗ್ ಇರಬೇಕು ಅಂದುಕೊಂಡೆವು. ಒಂಟಿ ಹಳಿ, ಎದುರಿನಿಂದ ಬರೋದಕ್ಕೆ ದಾರಿ ಬಿಡಬೇಕಲ್ಲ. ಅರ್ಧ ಗಂಟೆ ಆದರೂ ಎದುರಿನಿಂದ ಏನೂ ಬರಲಿಲ್ಲ. ಫೋನ್ ತೆಗೆದು ನೋಡಿದರೆ ಆಪ್ ಪ್ರಕಾರ ನಮ್ಮ ರೈಲು ಸಾಗರದ ಹತ್ತಿರ ಇದೆ, ಹತ್ತು ನಿಮಿಷ ತಡ! ಆ ಕಡೆ ಟವರ್ ಸಿಗೋದು ಕಡಿಮೆ. ಸುದ್ದಿ ಬರದೇ ಇದ್ದರೆ ಈ ಆಪ್‌ಗಳು ಅಂದಾಜಿನ ಮೇಲೆ ರೈಲು ಓಡಿಸುತ್ತವೆ. ಅಂದಾಜಿಗೆ ಮರ ಅಡ್ಡ ಬೀಳಲ್ಲ.

ಬಿದ್ದಿದ್ದು ಮರವೇ. ಅಕೇಶಿಯಾ. ರಾತ್ರಿ ಗಾಳಿಗೆ ಮುರಿದು ಮುಂದೆ ಎಲ್ಲೋ ಕರೆಂಟ್ ತಂತಿಯ ಮೇಲೆ ಒರಗಿದೆ ಅಂತ ಸ್ಟೇಷನ್ ಮಾಸ್ಟರ್ ಹೇಳಿದರು. ಇಂಜಿನ್ನಿಗೆ ಮೇಲಿನಿಂದ ಕರೆಂಟ್ ಕೊಡುವ ತಂತಿ ಅದು, 25,000 ವೋಲ್ಟ್. ಯಾರೋ ಹೋಗಿ ಕೊಡಲಿಯಲ್ಲಿ ಕಡಿದು ಬರುವ ಕೆಲಸ ಅಲ್ಲ. ಮೊದಲು ಕರೆಂಟ್ ತೆಗೆಯಬೇಕು, ಟವರ್ ವ್ಯಾಗನ್ ಅಂತ ತಲೆಯ ಮೇಲೆ ಅಟ್ಟ ಇರುವ ಗಾಡಿ ಬರಬೇಕು, ಅದರ ಮೇಲೆ ನಿಂತು ಕೊಂಬೆ ಬಿಡಿಸಿ ತಂತಿ ನೋಡಬೇಕು. "ಎರಡು ಮೂರು ಗಂಟೆ ಹಿಡಿಯುತ್ತಮ್ಮ. ಕೆಳಗಿಳಿದು ಏನಾದರೂ ತಿನ್ನಿ, ಹೊರಡೋ ಮುಂಚೆ ಹಾರ್ನ್ ಹೊಡೀತಾರೆ" ಅಂದರು. ಅವರು ಆ ದಿನ ಹೇಳಿದ್ದೆಲ್ಲ ನಿಜವಾಯಿತು. ನಾವು ಕೇಳಿದ್ದು ಆ ಒಂದು ಮಾತನ್ನು ಮಾತ್ರ.

ಹಳಿ ದಾಟಿ ಇಳಿದರೆ ಒಂದು ಹೆಂಚಿನ ಮನೆ. ಬೋರ್ಡಿಲ್ಲ. ಜಗಲಿಯಲ್ಲಿ ಎರಡು ಬೆಂಚು, ಒಳಗೆ ಒಲೆ. ಒಬ್ಬರು ಅಜ್ಜಿ, ಅವರ ಸೊಸೆ. "ಬನ್ನಿ ಬನ್ನಿ, ಎಂತ ಅಲ್ಲಿ ನಿಂತಿದ್ದೀರಿ, ಕೂತ್ಕಳಿ" ಅಂದರು, ನಮಗೋಸ್ಕರವೇ ಕಾಯುತ್ತಿದ್ದ ಹಾಗೆ. ಅಕ್ಕಿ ರೊಟ್ಟಿ ಇದೆ ಅಂದರು. ನಮ್ಮ ತಲೆಯಲ್ಲಿ ಅಕ್ಕಿ ರೊಟ್ಟಿ ಅಂದರೆ ಈರುಳ್ಳಿ, ಸಬ್ಬಸಿಗೆ ಸೊಪ್ಪು ಹಾಕಿ ಬಾಣಲೆಗೆ ತಟ್ಟೋದು. ಇದು ಬೇರೆ. ಕುದಿಯುವ ನೀರಿಗೆ ಹಿಟ್ಟು ಹಾಕಿ ಉಕ್ಕಿಸಿ, ನಾದಿ, ತೆಳ್ಳಗೆ ಲಟ್ಟಿಸುತ್ತಾರೆ. ಕಾವಲಿಯ ಮೇಲೆ ಎರಡೂ ಕಡೆ ಒಣಗಿಸಿದ ಹಾಗೆ ಮಾಡಿ ಕೆಂಡದ ಮೇಲೆ ಇಡುತ್ತಾರೆ. ಅದು ಮೆಲ್ಲಗೆ ಉಬ್ಬುತ್ತೆ. ಅಜ್ಜಿ ಚಿಮಟಾ ಮುಟ್ಟಲೇ ಇಲ್ಲ, ಬೆರಳ ತುದಿಯಲ್ಲೇ ಎತ್ತಿ ತಟ್ಟೆಗೆ ಹಾಕಿದರು. ಉಬ್ಬಿದ್ದನ್ನು ಚುಚ್ಚಿದಾಗ ಹೊರಗೆ ಬಂದ ಹಬೆಯಲ್ಲಿ ಹೊಸ ಅಕ್ಕಿಯ ವಾಸನೆ.

ಜೊತೆಗೆ ಕಳಲೆ ಪಲ್ಯ. ಎಳೆ ಬಿದಿರು. ಮಳೆ ಶುರುವಾದ ಮೇಲೆ ಮಾತ್ರ ಸಿಗೋದು. ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿಡದಿದ್ದರೆ ತಿನ್ನೋಕಾಗಲ್ಲ ಅಂತ ಸೊಸೆ ಹೇಳಿದರು. ತಟ್ಟೆಯ ಅಂಚಿಗೆ ಒಂದು ಅಪ್ಪೆಮಿಡಿ. ಅದನ್ನು ಕಚ್ಚಿದ ಕೂಡಲೇ ಅಕ್ಕ ಮಾತು ನಿಲ್ಲಿಸಿದಳು. ಅವಳನ್ನು ಬಲ್ಲವರಿಗೆ ಇದೆಷ್ಟು ದೊಡ್ಡ ಸರ್ಟಿಫಿಕೇಟ್ ಅಂತ ಗೊತ್ತು. ಎರಡು ರೊಟ್ಟಿ, ಪಲ್ಯ, ಉಪ್ಪಿನಕಾಯಿ ಸೇರಿ 40 ರೂಪಾಯಿ. ಕಷಾಯ 10. ಜೀರಿಗೆ, ಕೊತ್ತಂಬರಿ, ಬೆಲ್ಲ, ಹಾಲು. ನಾನು ಎರಡು ಸಲ ಕುಡಿದೆ. ಇಬ್ಬರಿಗೂ ಸೇರಿ 110 ರೂಪಾಯಿ.

ಅಷ್ಟೇ ಅಲ್ಲ. ಅಕ್ಕನ ಸೀರೆಯ ಅಂಚು ಪೂರ್ತಿ ನೆಂದಿತ್ತು. ಅಜ್ಜಿ ಅವಳನ್ನು ಕರೆದುಕೊಂಡು ಹೋಗಿ ಬಚ್ಚಲೊಲೆ ಮುಂದೆ ಕೂರಿಸಿದರು. ಮೇಲೆ ಗಳಕ್ಕೆ ಮನೆಯವರ ಬಟ್ಟೆ ನೇತು ಹಾಕಿತ್ತು, ಹೊಗೆ ಕುಡಿಯುತ್ತಾ. ಮಲೆನಾಡಿನ ಮಂದಿಯ ಬಟ್ಟೆಯಲ್ಲಿ ಮಳೆಗಾಲ ಪೂರ್ತಿ ಸಣ್ಣಗೆ ಹೊಗೆ ವಾಸನೆ ಇರೋದು ಯಾಕೆ ಅಂತ ಆಗ ಗೊತ್ತಾಯಿತು. ಅಜ್ಜಿಗೆ ಹಳೆಯ ರೈಲ್‌ಬಸ್ ನೆನಪಿದೆ. ಸಣ್ಣ ಗೇಜಿನ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ನಡುವೆ ಓಡುತ್ತಿತ್ತಲ್ಲ, ನೋಡೋಕೆ ಬಸ್ಸು, ಕೆಳಗೆ ರೈಲಿನ ಗಾಲಿ. "ಆಗ ಮರ ಬಿದ್ರೆ ಕೂತವರೇ ಇಳಿದು ಎಳೆದು ಹಾಕ್ತಿದ್ರು. ಈಗ ಮೇಲೊಂದು ತಂತಿ ಬಂದಿದೆ, ಯಾರೂ ಮುಟ್ಟೋ ಹಾಗಿಲ್ಲ" ಅಂದರು.

ಒಂಬತ್ತೂವರೆಗೆ ಮರ ತೆಗೆದರು ಅಂತ ಸುದ್ದಿ ಬಂತು. ಎಲ್ಲರೂ ಓಡಿ ಹತ್ತಿ ಕೂತೆವು. ರೈಲು ಹೊರಡಲಿಲ್ಲ. ಈಗ ಸಿಗ್ನಲ್ ಕೆಟ್ಟಿದೆ ಅಂತೆ!

ಇಲ್ಲಿ ಸ್ವಲ್ಪ ಗಮನ ಕೊಡಿ, ನಮ್ಮ ದುಡ್ಡು ಹೋಗಿದ್ದು ಇದು ಗೊತ್ತಿಲ್ಲದೆ. ಹಳಿಯಲ್ಲಿ ಸಣ್ಣದಾಗಿ ಒಂದು ಕರೆಂಟ್ ಹರಿಯುತ್ತಿರುತ್ತೆ. ರೈಲು ಬಂದರೆ ಅದು ಗಾಲಿಯ ಮೂಲಕ ಈ ಹಳಿಯಿಂದ ಆ ಹಳಿಗೆ ಹಾಯ್ದುಬಿಡುತ್ತೆ. ಹಾಗಾದಾಗ ಮುಂದೆ ರೈಲಿದೆ ಅಂತ ತಿಳಿದು ಸಿಗ್ನಲ್ ಕೆಂಪಾಗುತ್ತೆ. ಜಲ್ಲಿಯಲ್ಲಿ ನೀರು ನಿಂತರೂ ಕರೆಂಟ್ ಹೀಗೇ ಸೋರುತ್ತೆ. ಇಲ್ಲದ ರೈಲು ಇದೆ ಅಂತ ಸಿಗ್ನಲ್ ಕೆಂಪು ತೋರಿಸುತ್ತೆ. ಕೆಟ್ಟರೆ ಕೆಂಪಿಗೇ ಬೀಳಬೇಕು ಅಂತಲೇ ಅದನ್ನು ಮಾಡಿರೋದು. ಹಾಗಂತ ರೈಲು ಅಲ್ಲೇ ಕೊಳೆಯಲ್ಲ. ಮುಂದಿನ ಸ್ಟೇಷನ್ ಜೊತೆ ಮಾತಾಡಿ, ದಾರಿ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಡ್ರೈವರ್ ಕೈಗೆ ಕಾಗದ ಬರೆದು ಕೊಡುತ್ತಾರೆ. ಅದನ್ನು ಹಿಡಿದು ನಿಧಾನಕ್ಕೆ ಹೋಗಬಹುದು. ಮಾಸ್ಟರ್ ಇದನ್ನೇ ಹೇಳಿದ್ದರು: "ಸಿಗ್ನಲ್ ಹೋದರೆ ನಿಧಾನ ಆಗುತ್ತೆ ಅಷ್ಟೇ. ಇಳಿಬೇಡಿ."

ಅಷ್ಟರಲ್ಲಿ ಓಮ್ನಿಯವನು ಬಂದ. ಪ್ಲಾಟ್‌ಫಾರ್ಮ್ ಮೇಲೆ ಕಿಟಕಿಯಿಂದ ಕಿಟಕಿಗೆ ನಡೆಯುತ್ತಾ, "ಸಂಜೆ ತನಕ ಬಿಡಲ್ಲ ಮೇಡಂ, ಮುಂದೆ ಧರೆ ಕುಸಿದಿದೆ, ನಾನೇ ನೋಡಿ ಬಂದೆ" ಅಂದ. ಸಾಗರಕ್ಕೆ 3,000. ಅಕ್ಕ 2,400ಕ್ಕೆ ಇಳಿಸಿದಳು, ಮತ್ತು ಇಳಿಸಿದ್ದೇ ಗೆದ್ದ ಹಾಗೆ ಖುಷಿಪಟ್ಟಳು. ತಾಳಗುಪ್ಪದ ಹಿರಿಯರು, "ಎಂತಕ್ಕೆ ಅವಸರ, ಜೋಗ ಎಲ್ಲೂ ಹೋಗಲ್ಲ" ಅಂದರು. ನಾವು ಚೀಲ ಎತ್ತಿಕೊಂಡು ಇಳಿದುಬಿಟ್ಟೆವು.

ಹೆದ್ದಾರಿಯಲ್ಲೂ ಮರ ಬಿದ್ದಿದೆ ಅಂತ ಅವನು ಒಳದಾರಿ ಹಿಡಿದ. ವೈಪರ್ ಒಂದೇ ಕೆಲಸ ಮಾಡುತ್ತಿತ್ತು, ಅದೂ ನಮ್ಮ ಕಡೆಯದು. ಅವನು ಕುತ್ತಿಗೆ ಬಾಗಿಸಿ ನಮ್ಮ ಗಾಜಿನಲ್ಲಿ ರಸ್ತೆ ನೋಡುತ್ತಿದ್ದ. ಬಾಗಿಲಿನ ಸಂದಿಯಿಂದ ಕಾಲಿಗೆ ನೀರು. ಮುಕ್ಕಾಲು ಗಂಟೆ ಆದಮೇಲೆ ಒಂದು ರೈಲ್ವೆ ಗೇಟ್ ಬಂತು. ಹಾಕಿತ್ತು. ಗೂಡ್ಸ್ ಇರಬೇಕು ಅಂದ ಓಮ್ನಿಯವನು.

ಗೂಡ್ಸ್ ಅಲ್ಲ. ನಮ್ಮದೇ ರೈಲು! ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ ವೇಗ. ಒಂದೊಂದೇ ಬೋಗಿ ದಾಟಿತು. ನಮ್ಮ ಬೋಗಿ ಬಂದಾಗ ಬಾಗಿಲಲ್ಲಿ ತಾಳಗುಪ್ಪದ ಹಿರಿಯರು ನಿಂತಿದ್ದರು. ನಮ್ಮನ್ನು ನೋಡಿದರು. ಒಳಗೆ ಹೋಗಿ ಏನೋ ತಂದು ಎತ್ತಿ ಹಿಡಿದು ಅಲ್ಲಾಡಿಸಿದರು. ಅಕ್ಕನ ನೀಲಿ ಕೊಡೆ. ಅವಸರದಲ್ಲಿ ಕಿಟಕಿಯ ಕೊಕ್ಕೆಯಲ್ಲೇ ಬಿಟ್ಟು ಬಂದಿದ್ದಳು. ಓಮ್ನಿಯವನು ಮುಂದಿನ ಗಾಜನ್ನು ಬಟ್ಟೆಯಲ್ಲಿ ಒರೆಸತೊಡಗಿದ. ಸಾಗರ ಬರೋವರೆಗೂ ಯಾರೂ ಮಾತಾಡಲಿಲ್ಲ. ಅಕ್ಕನೂ.

ನಾವಾಗೇ ಇಳಿದದ್ದಕ್ಕೆ ಟಿಕೆಟ್ ದುಡ್ಡು ಒಂದು ಪೈಸೆಯೂ ವಾಪಸ್ ಬರಲಿಲ್ಲ. ಬರೋದು ಯಾವಾಗ ಅಂದರೆ, ರೈಲೇ ರದ್ದಾದರೆ. ಆನ್‌ಲೈನ್ ಟಿಕೆಟ್ ಆದರೆ ತಾನಾಗೇ ಖಾತೆಗೆ ಬರುತ್ತೆ. ನೀವು ಹತ್ತುವ ಸ್ಟೇಷನ್ನಿಗೆ ರೈಲು ಮೂರು ಗಂಟೆಗಿಂತ ಜಾಸ್ತಿ ತಡವಾಗಿ, ನೀವು ಹೋಗದೇ ಇದ್ದರೆ ಆಗಲೂ ಪೂರ್ತಿ ದುಡ್ಡು ಸಿಗುತ್ತೆ. ಆದರೆ ರೈಲು ಅಲ್ಲಿಂದ ಹೊರಡುವ ಮುಂಚೆಯೇ ಟಿಡಿಆರ್, ಅಂದರೆ ದುಡ್ಡು ವಾಪಸ್ ಕೇಳುವ ಅರ್ಜಿ, ಹಾಕಬೇಕು. ಹೊರಟ ಮೇಲೆ ಹಾಕಿದರೆ ಸುಮ್ನೆ. ವಿಚಾರಿಸೋಕೆ ರೈಲ್ವೆ ಸಹಾಯವಾಣಿ 139. ಆಪ್‌ಗಿಂತ ಸ್ಟೇಷನ್ ಮಾಸ್ಟರ್ ವಾಸಿ.

ಅಂದ ಹಾಗೆ, ಮಲೆನಾಡಿನ ರೈಲು ಅಂದ ಕೂಡಲೇ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಕಥೆ ಹೇಳಿ ಹೆದರಿಸುವವರು ಇದ್ದಾರೆ. ಅದು ಬೇರೆ ಲೈನು. 2024ರ ಜುಲೈನಲ್ಲಿ ಯಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿ, ಹತ್ತು ದಿನಕ್ಕೂ ಜಾಸ್ತಿ ಮಂಗಳೂರು ರೈಲುಗಳು ನಿಂತಿದ್ದವು. ಶಿವಮೊಗ್ಗ–ತಾಳಗುಪ್ಪದಲ್ಲಿ ಅಂಥ ಘಾಟಿ ಇಲ್ಲ. ಇಲ್ಲಿ ಮರ, ನೀರು, ಸಿಗ್ನಲ್. ಗಂಟೆಗಳ ಲೆಕ್ಕ, ದಿನಗಳದ್ದಲ್ಲ. ಅಷ್ಟೂ ಕಾಯೋಕಾಗಲ್ಲ ಅನ್ನುವವರು ಶಿವಮೊಗ್ಗಕ್ಕೇ ಟಿಕೆಟ್ ಮಾಡಿ. ಅಲ್ಲಿಂದ ಸಾಗರ 70 ಕಿಲೋಮೀಟರ್ ಚಿಲ್ಲರೆ, ಬಸ್ಸಿಗೆ ಬರವಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ ಇದೆ, ಆಧಾರ್ ಇಟ್ಟುಕೊಳ್ಳಿ. ಖಾಸಗಿ ಬಸ್ಸಿಗೆ ಆಧಾರ್ ತೋರಿಸಿ ನನ್ನ ಹಾಗೆ ನಗೆಪಾಟಲಾಗಬೇಡಿ.

ಸಾಗರದ ಲಾಡ್ಜ್ ಬಗ್ಗೆ ಜಾಸ್ತಿ ಬರೆದರೆ ಬಿಪಿ ಏರುತ್ತೆ. ಫೋನಿನಲ್ಲಿ 1,100 ಅಂದಿದ್ದವರು ಎದುರಿಗೆ ಹೋದಾಗ "ಶನಿವಾರ ಅಲ್ವಾ ಮೇಡಂ" ಅಂತ 2,200 ಕೇಳಿದರು. ಹೊದಿಕೆಗೆ ಬೂಸ್ಟು ವಾಸನೆ. ಮುಂಗಡ ಕಳಿಸಿ ರೇಟನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ, ಇಲ್ಲವೇ ವಾರದ ಮಧ್ಯೆ ಹೋಗಿ. ವಾರದ ಮಧ್ಯೆಯೇ ಹೋಗಿ.

ಭಾನುವಾರ ಜೋಗಕ್ಕೆ ಹೋದೆವು. ಸಾಗರದಿಂದ ಸುಮಾರು 30 ಕಿಲೋಮೀಟರ್. ಪಾರ್ಕಿಂಗಿನಿಂದ ಕಟಕಟೆವರೆಗೆ ಜಾತ್ರೆ. 253 ಮೀಟರ್ ಎತ್ತರದ ಜಲಪಾತ ಮುಂದೆಯೇ ಇದೆ, ಕಾಣಿಸ್ತಿರೋದು ಬಿಳಿ ಗೋಡೆ. ಮಂಜು. ಸದ್ದು ಮಾತ್ರ ಎದೆಯೊಳಗೇ ಕೇಳಿಸುತ್ತೆ. ಒಂದೂವರೆ ಗಂಟೆ ನಿಂತಿದ್ದಕ್ಕೆ ನಾಲ್ಕು ನಿಮಿಷ ತೆರೆ ಸರಿಯಿತು. ರಾಜ, ರಾಣಿ ಕಂಡರು, ರೋರರ್ ಅರ್ಧ, ರಾಕೆಟ್ ಇಲ್ಲ. ಮಳೆ ಜೋರಿದ್ದಷ್ಟೂ ಜೋಗ ಚೆನ್ನಾಗಿ ಕಾಣುತ್ತೆ ಅನ್ನೋದನ್ನು ನಂಬಬೇಡಿ. ಜೋಗಕ್ಕಿಂತ ಮೇಲಿರುವ ಲಿಂಗನಮಕ್ಕಿ ಅಣೆಕಟ್ಟಿನ ಭರ್ತಿ ಮಟ್ಟ 1,819 ಅಡಿ. ಅದರ ಹತ್ತಿರ ನೀರು ಬಂದು ಗೇಟ್ ಎತ್ತಿದ ಸುದ್ದಿ ಬಂದಮೇಲೆ, ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಹೋಗೋದು ಸರಿ ಅಂತ ಅಲ್ಲಿ ಜೋಳ ಸುಡುತ್ತಿದ್ದವರು ಹೇಳಿದರು. ನನಗೆ ಆ ನಾಲ್ಕು ನಿಮಿಷ ಸಾಕಾಯಿತು. ಅಕ್ಕನಿಗೆ ಸಾಲಲಿಲ್ಲ.

ವಾಪಸ್ ಬರುವಾಗ ತಾಳಗುಪ್ಪಕ್ಕೆ ಹೋದೆವು, ಜೋಗದಿಂದ 15 ಕಿಲೋಮೀಟರ್ ಆಸುಪಾಸು. ರೈಲು ಅಲ್ಲಿಂದಲೇ ಹೊರಡೋದರಿಂದ ನೆಮ್ಮದಿಯಾಗಿ ಹತ್ತಿ ಕೂರಬಹುದು. ಸ್ಟೇಷನ್ ಹತ್ತಿರದ ಚಹಾ ಅಂಗಡಿಯಲ್ಲಿ ಇಂಥಿಂಥವರು, ಬಿಳಿ ಮೀಸೆ, ನಿನ್ನೆಯ ರೈಲಿನಲ್ಲಿ ಬಂದವರು ಅಂತ ಕೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅಂಗಡಿಯವನು ಒಳಗಿನಿಂದ ನೀಲಿ ಕೊಡೆ ತಂದು ಮೇಜಿನ ಮೇಲೆ ಇಟ್ಟ. "ಓಮ್ನಿ ಅಕ್ಕಂದಿರು ನೀವೇ ಅಲ್ದಾ?" ಅಂದ. ಇಡೀ ಪ್ರವಾಸದಲ್ಲಿ ಪೂರ್ತಿ ಒಣಗಿದ್ದ ವಸ್ತು ಅದೊಂದೇ.