ಪ್ರಧಾನಿ ದುಡ್ಡು ತಿನ್ನಲಿಲ್ಲ, ಮಾವ

2019ರ ಚಳಿಗಾಲದಲ್ಲಿ ಕೆನಡಾದ ಪತ್ರಿಕೆಗಳ ತುಂಬ ಎಸ್‌ಎನ್‌ಸಿ-ಲಾವಲಿನ್ ಎಂಬ ಕಂಪನಿಯ ಹಗರಣದ್ದೇ ಸುದ್ದಿ. ತುಮಕೂರಿನ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದ ನನ್ನ ಸೋದರಮಾವ ಆಗ ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಪ್ರಧಾನಿ ಎಷ್ಟು ತಿಂದನಪ್ಪ?" ಏನೂ ತಿಂದಿಲ್ಲ ಮಾವ ಎಂದೆ. "ಮತ್ತೆ ಹಗರಣ ಯಾತರದು?" ಎಂದರು. ಕೆನಡಾದ ರಾಜಧಾನಿ ಒಟ್ಟಾವಾದಲ್ಲಿ ಇಷ್ಟು ವರ್ಷವಿದ್ದರೂ ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ.

ಮಾಂಟ್ರಿಯಲ್‌ನ ಈ ನಿರ್ಮಾಣ ಕಂಪನಿ 2001ರಿಂದ 2011ರವರೆಗೆ ಲಿಬಿಯಾದ ಅಧಿಕಾರಸ್ಥರಿಗೆ ಸುಮಾರು 4.8 ಕೋಟಿ ಡಾಲರ್ ಲಂಚ ಕೊಟ್ಟಿತೆಂಬ ಆರೋಪದ ಮೇಲೆ 2015ರಲ್ಲಿ ಮೊಕದ್ದಮೆ ಹೂಡಲಾಗಿತ್ತು. ಅಪರಾಧ ಸಾಬೀತಾದರೆ 10 ವರ್ಷಗಳವರೆಗೆ ಕೇಂದ್ರ ಸರ್ಕಾರದ ಗುತ್ತಿಗೆಗಳು ಕೈತಪ್ಪುವ ಭಯವಿತ್ತು. ದಂಡ ಕಟ್ಟಿ, ಷರತ್ತುಗಳಿಗೊಪ್ಪಿ, ವಿಚಾರಣೆಯಿಂದ ಪಾರಾಗುವ ಹೊಸ ದಾರಿಯೊಂದು 2018ರ ಬಜೆಟ್ ಮಸೂದೆಯೊಳಗೆ ಸೇರಿಕೊಂಡಿತು. ಆದರೆ ಕಂಪನಿಗೆ ಆ ರಿಯಾಯಿತಿ ಕೊಡಲು ಪ್ರಾಸಿಕ್ಯೂಷನ್ ನಿರ್ದೇಶಕಿ ಒಪ್ಪಲಿಲ್ಲ. ಆ ತೀರ್ಮಾನವನ್ನು ಬದಲಿಸುವ ಅಧಿಕಾರವಿದ್ದದ್ದು ಅಟಾರ್ನಿ ಜನರಲ್ ಜೋಡಿ ವಿಲ್ಸನ್-ರೇಬೋಲ್ಡ್ ಅವರಿಗೆ. ಭಾರತದ ಅಟಾರ್ನಿ ಜನರಲ್ ಮಂತ್ರಿಯಲ್ಲ. ಇಲ್ಲಿ ಕೆನಡಾದಲ್ಲಿ ಕಾನೂನು ಮಂತ್ರಿಯೇ ಆ ಹುದ್ದೆಯನ್ನೂ ಹೊರುವುದರಿಂದ, ಸಂಪುಟದಲ್ಲಿ ಪ್ರಧಾನಿಯ ಮಾತಿಗೆ ತಲೆಬಾಗಬೇಕಾದವರೇ ಮೊಕದ್ದಮೆಯ ವಿಷಯದಲ್ಲಿ ಯಾರ ಒತ್ತಡಕ್ಕೂ ಮಣಿಯಬಾರದು.

ಮುಂದಿನ ತಿಂಗಳುಗಳಲ್ಲಿ, ಆ ತೀರ್ಮಾನ ಬದಲಿಸಿ ಎಂದು ವಿಲ್ಸನ್-ರೇಬೋಲ್ಡ್ ಅವರ ಮೇಲೆ ಒತ್ತಡ ತಂದ ಪ್ರಧಾನಿ ಮತ್ತು ಅವರ ಕಚೇರಿಯವರಿಗಿಂತ, ಅದರ ಹಿಂದೆ ಓಡಾಡಿದವರ ಪಟ್ಟಿಯೇ ನನಗೆ ಹೆಚ್ಚು ಕುತೂಹಲಕರವಾಗಿ ಕಂಡಿತು. ಕಂಪನಿಯ ಅಧ್ಯಕ್ಷ ಕೆವಿನ್ ಲಿಂಚ್ ಒಂದು ಕಾಲಕ್ಕೆ ದೇಶದ ಅತ್ಯುನ್ನತ ಅಧಿಕಾರಿಯಾಗಿದ್ದವರು. ಆಗ ಅದೇ ಕುರ್ಚಿಯಲ್ಲಿದ್ದ ಮೈಕೆಲ್ ವೆರ್ನಿಕ್ ಅವರಿಗೆ ಫೋನ್ ಮಾಡಿದರು. ಕಂಪನಿಯ ವಕೀಲ ಫ್ರಾಂಕ್ ಯಾಕೊಬುಚಿ ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ದೊಡ್ಡ ಕಾನೂನು ಸಂಸ್ಥೆಯೊಂದರಲ್ಲಿದ್ದವರು; 2018ರ ಅಕ್ಟೋಬರ್‌ನಲ್ಲಿ ಸರ್ಕಾರವು ಟ್ರಾನ್ಸ್ ಮೌಂಟನ್ ತೈಲ ಪೈಪ್‌ಲೈನ್ ಕುರಿತು ಮೂಲನಿವಾಸಿಗಳೊಂದಿಗಿನ ಸಮಾಲೋಚನೆಯ ಉಸ್ತುವಾರಿಯನ್ನೂ ಅವರಿಗೇ ವಹಿಸಿತ್ತು. ಅವರೂ ಮತ್ತೊಬ್ಬ ನಿವೃತ್ತ ನ್ಯಾಯಮೂರ್ತಿಯೂ ಕಂಪನಿಗಾಗಿ ಬರೆದ ಅಭಿಪ್ರಾಯಗಳು ಪ್ರಧಾನಿಯ ಕಚೇರಿಯವರ ಕೈಯಲ್ಲಿದ್ದವು, ಅಟಾರ್ನಿ ಜನರಲ್‌ಗೆ ಮಾತ್ರ ಅವುಗಳ ಸುಳಿವೇ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದಿತೆಂದು ಹೇಳುವಂತಿಲ್ಲ. ಬೇಲಿ ಕಟ್ಟಿದವರೂ ದನ ಕಾಯುವವರೂ ಹಳೆಯ ಸ್ನೇಹಿತರು, ಅಷ್ಟೇ.

2019ರ ಜನವರಿಯಲ್ಲಿ ವಿಲ್ಸನ್-ರೇಬೋಲ್ಡ್ ಅವರ ಖಾತೆ ಬದಲಾಯಿತು, ಏಪ್ರಿಲ್‌ನಲ್ಲಿ ಅವರನ್ನು ಸಂಸದೀಯ ಪಕ್ಷದಿಂದಲೇ ಹೊರಹಾಕಲಾಯಿತು. ಆಗಿನ ಪ್ರಧಾನಿ ಜಸ್ಟಿನ್ ಟ್ರೂಡೊ ಅವರು, ಹುದ್ದೆಯ ಪ್ರಭಾವ ಬಳಸಿ ಯಾರದೇ ಖಾಸಗಿ ಹಿತವನ್ನು ಅನುಚಿತವಾಗಿ ಸಾಧಿಸಿಕೊಡಬಾರದೆನ್ನುವ, ಹಿತಾಸಕ್ತಿ ಸಂಘರ್ಷ ಕಾಯ್ದೆಯ 9ನೇ ಕಲಮನ್ನು ಉಲ್ಲಂಘಿಸಿದ್ದಾರೆಂದು ನೀತಿ ಆಯುಕ್ತ ಮಾರಿಯೊ ಡಿಯೊನ್ ಆಗಸ್ಟ್ 14ರಂದು ವರದಿ ಕೊಟ್ಟರು. ಆ ಕಲಮಿಗೆ ದಂಡವೇ ಇಲ್ಲ. ವಿವರಗಳನ್ನು ಹೊತ್ತಿಗೆ ಸರಿಯಾಗಿ ಸಲ್ಲಿಸದಿದ್ದರೆ ಮಾತ್ರ 500 ಡಾಲರ್‌ವರೆಗೆ ಕಟ್ಟಬೇಕು! ಡಿಸೆಂಬರ್‌ನಲ್ಲಿ ಕಂಪನಿಯ ನಿರ್ಮಾಣ ವಿಭಾಗ ವಂಚನೆಯ ತಪ್ಪೊಪ್ಪಿಕೊಂಡು 28 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು.

ಇಷ್ಟನ್ನೂ ಕೇಳಿದ ಮಾವ, ಶಾಸಕರೇ ಕರಿಕೋಟು ತೊಟ್ಟು ವಾದಿಸುವುದನ್ನು ತಮ್ಮ ಕೋರ್ಟಿನಲ್ಲಿ ಕಂಡಿದ್ದೇನೆ, ಯಾರೂ ಹುಬ್ಬೇರಿಸಲಿಲ್ಲ ಎಂದರು. ಸಂಸದರೂ ಶಾಸಕರೂ ವಕೀಲಿ ನಡೆಸಬಹುದೆಂದು ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಕೆನಡಾದ ಕಾಯ್ದೆ ಮಂತ್ರಿಗಳಿಗೆ ಆ ಬಾಗಿಲನ್ನು ಮುಚ್ಚಿದೆ. ಕುರ್ಚಿ ಬಿಟ್ಟವರ ಹಳೆಯ ಪರಿಚಯಗಳನ್ನು ಮುಚ್ಚುವ ಬಾಗಿಲು ಮಾತ್ರ ಎಲ್ಲೂ ಇದ್ದಂತಿಲ್ಲ.

ನಾನಿರುವ ನೇಪಿಯನ್ ಕ್ಷೇತ್ರವನ್ನು, ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದ ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರ ನಂತರ, 2025ರಿಂದ ಪ್ರಧಾನಿ ಮಾರ್ಕ್ ಕಾರ್ನಿ ಪ್ರತಿನಿಧಿಸುತ್ತಿದ್ದಾರೆ. ಅವರು ಹಿಂದೆ ಬ್ರೂಕ್‌ಫೀಲ್ಡ್ ಹೂಡಿಕೆ ಸಂಸ್ಥೆಯ ಉನ್ನತ ಸ್ಥಾನದಲ್ಲಿದ್ದವರು. ಅವರ ಆಸ್ತಿ ಈಗ ಟ್ರಸ್ಟಿನ ಕೈಯಲ್ಲಿದೆ. ನೂರಕ್ಕೂ ಹೆಚ್ಚು ಕಂಪನಿಗಳ ವಿಷಯ ಅವರ ಮೇಜಿಗೆ ಬಾರದಂತೆ ತಡೆ ಹಾಕಲಾಗಿದೆ. ಆ ತಡೆಯನ್ನು ಕಾಯುವವರು ಯಾರು ಎಂದು ಮಾವ ಕೇಳಿದರು. ಪ್ರಧಾನಿ ಕಚೇರಿಯ ಮುಖ್ಯಸ್ಥರು ಮತ್ತು ದೇಶದ ಅತ್ಯುನ್ನತ ಅಧಿಕಾರಿ ಎಂದೆ.

"ಅವರಿಬ್ಬರನ್ನು ನೇಮಿಸುವವರು?"

"ಪ್ರಧಾನಿಯೇ, ಮಾವ."