ಸಿಂಗಪುರದಿಂದ ಮಲಾಕ್ಕಾ: ಬೆಳಿಗ್ಗೆ ಹೋಗಿ ರಾತ್ರಿ ವಾಪಸ್

ಸಿಂಗಪುರಕ್ಕೆ ಮಕ್ಕಳ ಮನೆಗೆ ಹೋಗಿ ಬರುವವರು ನಮ್ಮ ಕಾರವಾರ, ಕುಮಟಾ, ಶಿರಸಿ ಕಡೆ ಈಗ ಜಾಸ್ತಿ. ಅಲ್ಲಿ ಸ್ವಲ್ಪ ದಿನ ಕಳೆಯುವಷ್ಟರಲ್ಲಿ ಮಾಲ್ ನೋಡಿ ನೋಡಿ ಬೇಜಾರು ಬರುತ್ತದೆ. ಆಗ ಯಾರಾದರೂ ಮಲೇಷ್ಯಾದ ಮಲಾಕ್ಕಾ ಹೆಸರು ಹೇಳಿಯೇ ಹೇಳುತ್ತಾರೆ. ನಾವೂ ತಮ್ಮನ ಮನೆಯಿಂದ ಹಾಗೇ ಹೊರಟೆವು, ಶಿರಸಿಯ ಚಿಕ್ಕಮ್ಮನನ್ನೂ ಕರೆದುಕೊಂಡು. ಹಳೇ ಗೋವಾ ನೋಡಿದವರಿಗೆ ಈ ಊರು ಬೇರೆಯವರಿಗಿಂತ ಹೆಚ್ಚು ಹಿಡಿಸುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ, ಮೊದಲು ಕಾಗದಪತ್ರದ ವಿಷಯ.

ನಿಮ್ಮ ಸಿಂಗಪುರ ವೀಸಾದಲ್ಲಿ 'ಮಲ್ಟಿಪಲ್ ಜರ್ನಿ' ಅಂತ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಮಲಾಕ್ಕಾಕ್ಕೆ ಹೋಗಬಹುದು, ಸಿಂಗಪುರಕ್ಕೆ ಮರಳಿ ಬರಲಿಕ್ಕಾಗುವುದಿಲ್ಲ! ಮಲೇಷ್ಯಾಕ್ಕೆ ಭಾರತೀಯರಿಗೆ 2026ರ ಡಿಸೆಂಬರ್ 31ರವರೆಗೆ, 30 ದಿನದೊಳಗಿನ ಭೇಟಿಗೆ ವೀಸಾ ಬೇಡ. ಆದರೆ ಅವರ ಡಿಜಿಟಲ್ ಅರೈವಲ್ ಕಾರ್ಡನ್ನು ಹೋಗುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ವಾಪಸ್ ಬರುವಾಗ ಸಿಂಗಪುರದ ಅರೈವಲ್ ಕಾರ್ಡ್ ಮತ್ತೆ ಹೊಸದಾಗಿ ಬೇಕು, ಮೊದಲ ಸಲ ತುಂಬಿದ್ದು ನಡೆಯುವುದಿಲ್ಲ. ಎರಡೂ ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ. ನಮ್ಮ ಬಸ್ಸಿನಲ್ಲಿ ಒಂದು ಕುಟುಂಬ ಗಡಿಯಲ್ಲಿ ನಿಂತು ಮೊಬೈಲ್‌ನಲ್ಲಿ ಫಾರ್ಮ್ ತುಂಬುತ್ತ ಕೂತಿತು, ಉಳಿದವರೆಲ್ಲ ಬಿಸಿಲಲ್ಲಿ ಕಾದೆವು.

ದೂರ ಸುಮಾರು 240 ಕಿಲೋಮೀಟರ್. ರಸ್ತೆ ಬೆಣ್ಣೆಯಂತಿದೆ, ಹೊತ್ತು ತಿನ್ನುವುದು ಗಡಿ. ಸಿಂಗಪುರದ ಕಡೆ ಇಳಿದು ಪಾಸ್‌ಪೋರ್ಟ್ ತೋರಿಸಿ ಬಸ್ ಹತ್ತಬೇಕು. ಸೇತುವೆ ದಾಟಿದ ಮೇಲೆ ಮಲೇಷ್ಯಾದ ಕಡೆ ಮತ್ತೆ ಇಳಿಯಬೇಕು, ಈ ಸಲ ಬ್ಯಾಗು ಸಮೇತ. ಸಂಜೆ ಇದೇ ಆಟ ಉಲ್ಟಾ. ವುಡ್‌ಲ್ಯಾಂಡ್ಸ್‌ನ ಹಳೇ ದಾರಿಗಿಂತ, 1998ರಲ್ಲಿ ತೆರೆದ ತುವಾಸ್ ಸೇತುವೆಯ ಮೇಲೆ ಹೋಗುವ ಬಸ್ ಮಲಾಕ್ಕಾಕ್ಕೆ ಅನುಕೂಲ. ಶನಿವಾರ, ಭಾನುವಾರ, ಸಿಂಗಪುರದ ಶಾಲೆ ರಜೆ, ಇವುಗಳ ಸಹವಾಸ ಬೇಡ. ಮಂಗಳವಾರ, ಬುಧವಾರ ಒಳ್ಳೆಯದು. ಬುಕ್ ಮಾಡುವ ಮೊದಲು ಏಜೆಂಟರಿಗೆ ಒಂದೇ ಪ್ರಶ್ನೆ ಕೇಳಿ: ಮಲಾಕ್ಕಾ ಊರೊಳಗೆ ಎಷ್ಟು ತಾಸು ಬಿಡುತ್ತೀರಿ? ಮೂರಕ್ಕಿಂತ ಕಮ್ಮಿ ಅಂದರೆ ಬೇರೆ ಟೂರ್ ಹುಡುಕಿ. ಕೆಲವರು ದಾರಿಯಲ್ಲಿ ಕಾಫಿ ಅಂಗಡಿ, ಬಿಸ್ಕತ್ತಿನ ಅಂಗಡಿ ಅಂತ ಸುಮ್ನೆ ಇಳಿಸಿ ಹೊತ್ತು ಕಳೆಯುತ್ತಾರೆ.

ಗೈಡ್ ನಿಜವಾಗಿ ಉಪಯೋಗಕ್ಕೆ ಬರುವುದು ಸೇಂಟ್ ಪಾಲ್ ಗುಡ್ಡದ ಮೇಲೆ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಅಲ್ಬುಕರ್ಕ್ ಮರುವರ್ಷವೇ ಇಲ್ಲಿಗೆ ಬಂದು ಮಲಾಕ್ಕಾವನ್ನೂ ಹಿಡಿದ. ಅವನು ಕಟ್ಟಿಸಿದ ಕೋಟೆಯಲ್ಲಿ ಈಗ ಒಂದು ಬಾಗಿಲು ಮಾತ್ರ ಉಳಿದಿದೆ, ಮಿಕ್ಕಿದ್ದನ್ನು ಬ್ರಿಟಿಷರು ಕೆಡವಿದರು. ಅಲ್ಲಿಂದ ಮೆಟ್ಟಿಲು ಹತ್ತಿದರೆ ಮಾಡು ಹಾರಿಹೋದ ಇಗರ್ಜಿ. ಒಳಗೆ ನೆಲದಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಖಾಲಿ ಗುಂಡಿ. ಸೇಂಟ್ ಫ್ರಾನ್ಸಿಸ್ ಕ್ಸೇವಿಯರ್ 1552ರಲ್ಲಿ ಚೀನಾದ ಹತ್ತಿರ ತೀರಿಕೊಂಡ ಮೇಲೆ, ಗೋವಾಕ್ಕೆ ಒಯ್ಯುವ ಮೊದಲು ಅವರ ದೇಹವನ್ನು ಹೂತಿದ್ದು ಇಲ್ಲೇ. ಚಿಕ್ಕಮ್ಮ ಜಾಲರಿಯ ಮೇಲೆ ಬಗ್ಗಿ ನೋಡಿ, "ಇಂವ ನಮ್ಮ ಗೋವೆಲಿ ಇಪ್ಪಂವನೇ ಅಲ್ದಾ?" ಅಂದರು. ಹೌದು, ಬಾಮ್ ಜೀಸಸ್ ಇಗರ್ಜಿಯಲ್ಲಿ ನಾವು ಸಾಲಲ್ಲಿ ನಿಂತು ನೋಡುತ್ತೇವಲ್ಲ, ಅದೇ ಸಂತ.

ಹೊರಗೆ ಅವರ ಬಿಳಿ ಪ್ರತಿಮೆ ಇದೆ, ಬಲಗೈ ಇಲ್ಲ. 1952ರಲ್ಲಿ ಪ್ರತಿಮೆ ನಿಲ್ಲಿಸಿದ ಮಾರನೇ ದಿನವೇ ಗಾಳಿಮರವೊಂದು ಬಿದ್ದು ಕೈ ಮುರಿಯಿತಂತೆ. ನಮ್ಮ ಬೀಚಿನ ಉದ್ದಕ್ಕೂ ಇದೆಯಲ್ಲ, ಅದೇ ಗಾಳಿಮರ. ಸಂತರ ದೇಹದ ಬಲಗೈಯನ್ನೂ 1614ರಲ್ಲಿ ಕತ್ತರಿಸಿ ರೋಮ್‌ಗೆ ಕಳಿಸಿದ್ದರು. ಗೈಡ್ ಇದನ್ನು ದನಿ ತಗ್ಗಿಸಿ ಹೇಳಿದ, ದಿನಾ ಹೇಳಿ ಅಭ್ಯಾಸ ಇರಬೇಕು. ಆದರೂ ಮೈ ಜುಂ ಅಂದಿತು. ಮೆಟ್ಟಿಲು ಬಹಳ ಇಲ್ಲ, ಆದರೆ ಸೆಖೆ ನಮ್ಮ ಮೇ ತಿಂಗಳದ್ದು. ಮಂಡಿನೋವು ಇದ್ದವರು ನಿಧಾನಕ್ಕೆ ಹತ್ತಿ, ಕೊಡೆ ಹಿಡಿದುಕೊಳ್ಳಿ.

ಕೆಳಗೆ ಡಚ್ಚರ ಕೆಂಪು ಚೌಕ. 1753ರ ಇಗರ್ಜಿ, ಪಕ್ಕದಲ್ಲಿ ಸ್ಟಾಡ್‌ಹೌಸ್, ಅಂದರೆ ಡಚ್ಚರ ಹಳೇ ಆಡಳಿತ ಕಚೇರಿ. ಫೋಟೋಕ್ಕೆ ಚೆಂದ, ಹತ್ತು ನಿಮಿಷ ಸಾಕು. ಬಣ್ಣದ ಗೊಂಬೆ ಕಟ್ಟಿಕೊಂಡು ಜೋರಾಗಿ ಹಾಡು ಹಾಕುವ ಸೈಕಲ್ ರಿಕ್ಷಾ ಬೇಕೇ ಬೇಕು ಅಂತ ಮಕ್ಕಳು ಹಟ ಮಾಡುತ್ತಾರೆ. ಹತ್ತುವ ಮೊದಲೇ ರೇಟು ಮಾತಾಡಿ. ಹೊಳೆ ದಾಟಿದರೆ ಜೋಂಕರ್ ಸ್ಟ್ರೀಟ್. ಅದರ ರಾತ್ರಿ ಸಂತೆ ಶುಕ್ರವಾರದಿಂದ ಭಾನುವಾರದವರೆಗೆ ಮಾತ್ರ, ಹಗಲಿನ ಟೂರ್‌ನವರಿಗೆ ಹೇಗೂ ಸಿಗುವುದಿಲ್ಲ. ನನಗೆ ಹಿಂದಿನ ಬೀದಿಯೇ ಇಷ್ಟವಾಯಿತು. ಅಲ್ಲಿ 1781ರ ವಿನಾಯಕ ದೇವಸ್ಥಾನ, ಮಸೀದಿ, ಚೀನೀಯರ ದೇವಾಲಯ ಹತ್ತಿರ ಹತ್ತಿರ ಇವೆ. ವಿನಾಯಕ ಅಲ್ಲಿನ ಚೆಟ್ಟಿಗಳ ದೇವರು. ಇವರು ಹಿಂದೆ ಬಂದ ತಮಿಳು ವ್ಯಾಪಾರಿಗಳ ಸಂತತಿ. ಮನೆಮಾತು ಮಲಯ, ಪೂಜೆ ಮಾತ್ರ ನಮ್ಮದೇ.

ಊಟದ ಬಗ್ಗೆ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಬರೀ ಸೊಪ್ಪಿನ ಪಲ್ಯ ಅಂತ ತಿನ್ನಬೇಡಿ. ಬೆಲಾಚನ್ ಅಂತ ಸೀಗಡಿಯ ಅರೆಪನ್ನು ಅದಕ್ಕೂ ಹಾಕುತ್ತಾರೆ, ಸಂಬಾಲ್ ಚಟ್ನಿಗೂ ಹಾಕುತ್ತಾರೆ. ನನಗೆ ಅದರ ವಾಸನೆಯೇ ಹಸಿವು ತರಿಸಿತು, ಚಿಕ್ಕಮ್ಮ ಮಾತ್ರ ಮೂಗು ಮುಚ್ಚಿಕೊಂಡು ನಡೆದರು. ಚೌಕದಿಂದ ನಡೆದೇ ಹೋಗುವಷ್ಟು ದೂರದಲ್ಲಿ ಲಿಟಲ್ ಇಂಡಿಯಾ ಇದೆ, ಬಾಳೆಎಲೆ ಊಟ ಸಿಗುತ್ತದೆ. ಟೂರ್‌ನ ಊಟ ಬಿಟ್ಟು ನಾವು ಅಲ್ಲಿಗೇ ಹೋದೆವು. ಚೆಂಡೋಲ್ ಮಾತ್ರ ಯಾರೂ ಬಿಡಬೇಡಿ: ಪುಡಿ ಮಾಡಿದ ಐಸ್, ಹಸಿರು ಅಕ್ಕಿ ಎಳೆ, ಕಾಯಿಹಾಲು, ಮೇಲಿಂದ ಕಪ್ಪು ತಾಳೆಬೆಲ್ಲದ ಪಾಕ. ನಮ್ಮ ಒತ್ತುಶ್ಯಾವಿಗೆ ಕಾಯಿಹಾಲನ್ನು ಫ್ರಿಜ್ಜಿನಲ್ಲಿಟ್ಟು ತಿಂದಂತೆ.

ಮಲೇಷ್ಯಾದ ದುಡ್ಡು ರಿಂಗಿಟ್, ಸ್ವಲ್ಪವೇ ಬದಲಿಸಿಕೊಳ್ಳಿ, ಅದರಲ್ಲಿ ಚಿಲ್ಲರೆ ಇರಲಿ. ಕೆಲವು ಶೌಚಾಲಯಕ್ಕೆ ನಾಣ್ಯವೇ ಬೇಕು. ಇನ್ನು, ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಗೋವಾ ಬಾಟಲಿ ಪಾರು ಮಾಡಿದ ಧೈರ್ಯವನ್ನು ಇಲ್ಲಿ ತೋರಿಸಬೇಡಿ. ಮಲೇಷ್ಯಾದಿಂದ ಸಿಂಗಪುರಕ್ಕೆ ತರುವ ಮದ್ಯಕ್ಕೆ ಸುಂಕದ ರಿಯಾಯಿತಿ ಇಲ್ಲ, ಸಿಗರೇಟಿಗೂ ಇಲ್ಲ. ಚೂಯಿಂಗ್ ಗಮ್ ತರುವಂತೆಯೇ ಇಲ್ಲ. ವಾಪಸ್ ಬರುವಾಗ ಗಡಿಯ ಸಾಲು ಬೆಳಗಿನದಕ್ಕಿಂತ ಉದ್ದ ಇರುತ್ತದೆ. ಅವತ್ತು ರಾತ್ರಿಗೇ ವಿಮಾನ ಇಟ್ಟುಕೊಳ್ಳಬೇಡಿ.